ದುಡಿಮೆಗೆ ಹೊರಡುವ ನಮ್ಮ ಮಕ್ಕಳಿಗೆ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವುದು ಈ ಬೆಟ್ಟಸೀಮೆಯ ಎಲ್ಲ ಕನ್ನಡಿಗರಿಗೂ ಹೆಮ್ಮೆಯ ಸಂಗತಿ. ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ದಿನಗಳ ನೆನಪನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಅನೇಕರಿದ್ದಾರೆ, ನಾನು ನನ್ನ ಕಸುಬಿಗೆ ಸಂಬಂಧಿಸಿದ್ದನ್ನು ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ನನ್ನ ಕಸುಬು ಲೆಕ್ಕ. ಈ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಚಾಮರಾಜನಗರದಲ್ಲಿ ವಾಣಿಜ್ಯಶಾಸ್ತ್ರವನ್ನು ಓದಿ, ಆರು ವರ್ಷ ಘಟ್ಟದ ಕೆಳಗಿನ ಒಂದು ತರಕಾರಿ ಮಂಡಿಯಲ್ಲಿ ಲೆಕ್ಕ ಬರೆದೆ. ಅನಂತರ ಮೂವತ್ತನಾಲ್ಕು ವರ್ಷ ಬ್ಯಾಂಕಿನ ಸೇವೆಯಲ್ಲಿದ್ದು ನಿವೃತ್ತನಾದೆ. ಹೀಗಾಗಿ ದುಡಿಮೆ, ವ್ಯಾಪಾರ, ನೌಕರಿ ಇವುಗಳ ವಿಷಯವಾಗಿ ನಾಲ್ಕು ಮಾತು ಹೇಳುವ ಅಧಿಕಾರ ನನಗೆ ಇದೆಯೆಂದು ಭಾವಿಸಿದ್ದೇನೆ.

ಈ ವಿಷಯವನ್ನೇ ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಶಾಲೆಗೆ ಮಕ್ಕಳನ್ನು ಸೇರಿಸುವ ಕಾಲ ಬಂದಾಗಲೆಲ್ಲ ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: ಕನ್ನಡ ಓದಿದರೆ ನಮ್ಮ ಮಗುವಿಗೆ ಏನು ಕೆಲಸ ಸಿಕ್ಕೀತು? ಈ ಪ್ರಶ್ನೆಗೆ ಭಾಷಾಭಿಮಾನದ ಉತ್ತರವನ್ನು ಕೊಟ್ಟು ಕಳುಹಿಸುವುದು ಸುಲಭ. ಆದರೆ ಹೊಲದಲ್ಲಿ ಬಗ್ಗಿ ದುಡಿದು, ತನ್ನ ಮಗಳಾದರೂ ನೆರಳಿನಲ್ಲಿ ಕುಳಿತು ಊಟ ಮಾಡಲಿ ಎಂದು ಆಸೆಪಡುವ ತಾಯಿಗೆ ಆ ಉತ್ತರ ಸಾಲದು. ಅವಳದು ನ್ಯಾಯವಾದ ಪ್ರಶ್ನೆ. ಅದಕ್ಕೆ ಲೆಕ್ಕದ ಉತ್ತರವನ್ನೇ ಕೊಡಬೇಕು.

ಮೊದಲಿಗೆ ನಾವು ನಿಂತಿರುವ ನೆಲವನ್ನು ನೋಡೋಣ. 1956ರಲ್ಲಿ ಭಾಷಾವಾರು ಪ್ರಾಂತ್ಯ ರಚನೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ನಾನು ಇದೇ ಶಾಲೆಯಲ್ಲಿ ಓದುತ್ತಿದ್ದಾಗ, 1979ರಲ್ಲಿ, ಕೊಯಮತ್ತೂರಿನಿಂದ ಬೇರ್ಪಟ್ಟು ಪೆರಿಯಾರ್ ಜಿಲ್ಲೆಯಾಯಿತು. ಮುಂದೆ ಅದೇ ಈರೋಡು ಜಿಲ್ಲೆಯೆನಿಸಿತು. 2016ರಲ್ಲಿ ಸತ್ಯಮಂಗಲ ತಾಲ್ಲೂಕಿನಿಂದ ತಾಳವಾಡಿ ಪ್ರತ್ಯೇಕ ತಾಲ್ಲೂಕಾಯಿತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತಮಿಳು, ಬ್ಯಾಂಕಿನ ಪತ್ರ ಇಂಗ್ಲಿಷ್. ಚಾಮರಾಜನಗರಕ್ಕೆ ಹೋಗಿ ಬರಲು ಅರ್ಧ ದಿನ ಸಾಕು. ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನಿಳಿದು, ಬಣ್ಣಾರಿಯನ್ನು ದಾಟಿ, ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಬೇಕು.

ಇದನ್ನು ನಾವು ಬಹುಕಾಲದಿಂದ ಒಂದು ದುರದೃಷ್ಟವೆಂದೇ ಹೇಳಿಕೊಳ್ಳುತ್ತಾ ಬಂದಿದ್ದೇವೆ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. 1991ರ ಕಾವೇರಿ ಗಲಭೆಯ ದಿನಗಳಲ್ಲಿ, 2000ದಲ್ಲಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಆ 108 ದಿನಗಳಲ್ಲಿ, ಗಡಿಯಲ್ಲಿರುವುದು ಎಂದರೇನು ಎಂಬುದು ನಮಗೆ ತಿಳಿಯಿತು. ಆದರೆ ವ್ಯವಹಾರದ ದೃಷ್ಟಿಯಿಂದ ನೋಡಿದರೆ ಇದೇ ಗಡಿಗೆ ಇನ್ನೊಂದು ಮುಖವೂ ಇದೆ. ಎರಡು ಬೀದಿಗೂ ಬಾಗಿಲಿರುವ ಅಂಗಡಿಯ ಹಾಗೆ ನಮ್ಮದು ಎರಡು ರಾಜ್ಯಗಳ ಪೇಟೆಗೂ ತೆರೆದಿರುವ ನೆಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಗಡಿಯ ಮಾರಾಟ ತೆರಿಗೆ ಠಾಣೆಗಳೂ ಇಲ್ಲವಾದವು. ನಮ್ಮ ರೈತನು ಕೋಸು, ಬೀಟ್‌ರೂಟು, ಆಲೂಗಡ್ಡೆ, ಬೆಳ್ಳುಳ್ಳಿಗಳನ್ನು ಮೇಟ್ಟುಪಾಳ್ಯದ ಕಡೆಗೂ ಕಳುಹಿಸಬಲ್ಲ, ಮೈಸೂರಿನ ಕಡೆಗೂ ಕಳುಹಿಸಬಲ್ಲ. ಈ ಅನುಕೂಲವು ಬಂಡವಾಳವೇ ಸರಿ. ಆದರೆ ಬಂಡವಾಳವು ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಬೆಳೆಯುವುದಿಲ್ಲ. ಅದನ್ನು ಬಳಸಿಕೊಳ್ಳಲು ಲೆಕ್ಕ, ಭಾಷೆ, ನಡತೆ ಈ ಮೂರೂ ಬೇಕು. ಇವು ಮೂರನ್ನೂ ಕಲಿಸಬಲ್ಲ ಸ್ಥಳ ಶಾಲೆ.

ನಮ್ಮ ಕಾಲದಲ್ಲಿ ಇದನ್ನು ಕಲಿಸಿದವರು ಲೆಕ್ಕದ ಮೇಷ್ಟ್ರು. ಅವರು ನಮ್ಮಿಂದ ಒಂದು ವಿದ್ಯಾರ್ಥಿ ಸಹಕಾರ ಭಂಡಾರವನ್ನು ತೆರೆಸಿದರು. ಭಂಡಾರವೆಂದರೆ ಬೀಗವಿದ್ದ ಒಂದು ಮರದ ಬೀರು, ಅಷ್ಟೇ. ಅರವತ್ತು ಮಕ್ಕಳು ತಲೆಗೆ ಒಂದೊಂದು ರೂಪಾಯಿಯ ಷೇರು ಹಾಕಿದೆವು. ಮೇಷ್ಟ್ರು ತಿಂಗಳಿಗೊಮ್ಮೆ ಚಾಮರಾಜನಗರದಿಂದ ನೋಟು ಪುಸ್ತಕ, ಪೆನ್ಸಿಲು, ರಬ್ಬರು ತರುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ನಾವು ಮಾರುತ್ತಿದ್ದೆವು. ಹಾಕಿದ ಅರವತ್ತು ರೂಪಾಯಿ ಬಂಡವಾಳ, ಬೀರುವಿನಲ್ಲಿರುವ ಸಾಮಾನು ದಾಸ್ತಾನು, ಡಬ್ಬಿಯಲ್ಲಿರುವುದು ನಗದು. ಪ್ರತಿ ಶುಕ್ರವಾರ ದಾಸ್ತಾನನ್ನು ಎಣಿಸಿ ಕೊಂಡ ಬೆಲೆಗೆ ಹಿಡಿದು, ನಗದನ್ನು ಸೇರಿಸಿ, ಬರಬೇಕಾದ ಉದ್ರಿಯನ್ನು ಕೂಡಿಸಿದರೆ ಬರುವ ಮೊತ್ತದಿಂದ ಬಂಡವಾಳವನ್ನು ಕಳೆಯಬೇಕು. ಉಳಿದದ್ದು ಲಾಭ. ಮುಂದೆ ಕಾಲೇಜಿನಲ್ಲಿ ಆಸ್ತಿ ಹೊಣೆಗಾರಿಕೆಗಳ ತಖ್ತೆಯೆಂದು ನಾನು ಓದಿದ್ದು ಇದಕ್ಕಿಂತ ಬೇರೆಯದೇನಲ್ಲ.

ಮೇಷ್ಟ್ರು ಹಾಕಿದ ನಿಯಮಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿವೆ. ಸಾಮಾನು ತರಲು ಹೋಗುವಾಗ ಬಸ್ಸಿನ ಚಾರ್ಜನ್ನು ಅವರು ಕೈಯಿಂದಲೇ ಕೊಡುತ್ತಿದ್ದರು, ಭಂಡಾರದಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಅದನ್ನು ಪುಸ್ತಕದಲ್ಲಿ ಬರೆಯಲೇಬೇಕಿತ್ತು. ಖರ್ಚಿನ ಕಡೆ ಬಸ್ ಚಾರ್ಜು, ಜಮೆಯ ಕಡೆ ಮೇಷ್ಟ್ರು ಕೊಟ್ಟದ್ದು ಎಂದು. ಕೊಟ್ಟದ್ದನ್ನು ಬರೆಯಿಸುವುದು ದೊಡ್ಡಸ್ತಿಕೆಯಲ್ಲವೇ ಎಂದು ಒಬ್ಬ ಹುಡುಗ ಕೇಳಿಯೇ ಬಿಟ್ಟ. ಮೇಷ್ಟ್ರು ನಕ್ಕು, “ನಾಳೆ ನಾನು ವರ್ಗವಾಗಿ ಹೋಗ್ತೀನಿ ಕಣಪ್ಪ. ಆಗ ಬಸ್ಸಿನ ಚಾರ್ಜು ಯಾರು ಕೊಡ್ತಾರೆ? ಬರೆಯದೆ ಇದ್ದರೆ ಲಾಭ ಬರ್ತಾ ಇದೆ ಅಂತಲೇ ನೀವು ತಿಳ್ಕೊಂಡಿರ್ತೀರಿ” ಎಂದರು. ಪುಕ್ಕಟೆಯಾಗಿ ಬಂದ ಶ್ರಮಕ್ಕೂ ಬೆಲೆ ಕಟ್ಟಬೇಕು ಎಂಬ ಈ ತತ್ತ್ವವನ್ನು ನಮ್ಮ ಸೀಮೆಯ ಒಕ್ಕಲು ಮಕ್ಕಳು ತಿಳಿದರೆ ಸಾಕು, ಅರ್ಧ ವಾಣಿಜ್ಯಶಾಸ್ತ್ರವನ್ನು ತಿಳಿದಂತೆ.

ಎರಡನೆಯದು ಹೀಗೆ. ಒಂದು ಶುಕ್ರವಾರ ಲೆಕ್ಕದಲ್ಲಿ ಹದಿನೈದು ಪೈಸೆ ಹೆಚ್ಚು ಬಂದಿತು. ಕಡಮೆಯಾದರೆ ಚಿಂತೆ, ಹೆಚ್ಚಾದರೆ ಸಂತೋಷ ಎಂದು ನಾವು ತಿಳಿದೆವು. ಮೇಷ್ಟ್ರು ಒಪ್ಪಲಿಲ್ಲ. ಹೆಚ್ಚಾದ ದುಡ್ಡು ಯಾರದೋ ಆಗಿರುತ್ತದೆ, ಅವರು ಯಾರೆಂದು ಹುಡುಕಿ ಎಂದರು. ಕೊನೆಗೆ ಐದನೆಯ ತರಗತಿಯ ಒಂದು ಮಗು ಪೆನ್ಸಿಲು ಕೊಂಡು ಚಿಲ್ಲರೆ ಪಡೆಯದೆ ಹೋದದ್ದು ತಿಳಿಯಿತು. ಆಗ ಅವರು ನಮಗೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಹೇಳಿದರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ಮಹಾತಾಯಿ ಆಕೆ. ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ದುಡಿಮೆಯ ಲೆಕ್ಕ ಶುದ್ಧವಾಗಿರುವುದೂ ಕಾಯಕವೇ ಎಂಬುದು ಅಂದು ನಮಗೆ ಅರ್ಥವಾಯಿತು.

ಲೆಕ್ಕವೆಂದರೆ ಇಂಗ್ಲಿಷಿನವರ ವಿದ್ಯೆ, ಕನ್ನಡದಲ್ಲಿ ಅದು ಸಾಧ್ಯವಿಲ್ಲ ಎಂಬ ಭಾವನೆ ಕೆಲವರಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಇಟಲಿಯ ಲೂಕಾ ಪಾಚೋಲಿಯು ವೆನಿಸ್ ವರ್ತಕರು ಜಮೆ ಮತ್ತು ಖರ್ಚುಗಳನ್ನು ಜೋಡಿಯಾಗಿ ಬರೆಯುತ್ತಿದ್ದ ಪದ್ಧತಿಯನ್ನು ವಿವರಿಸಿದ ಪುಸ್ತಕ ಅಚ್ಚಾದದ್ದು 1494ರಲ್ಲಿ. ಇಂದು ಜಗತ್ತಿನ ದೊಡ್ಡ ಕಂಪನಿಗಳ ಗಣಕಯಂತ್ರಗಳಲ್ಲಿಯೂ ನಡೆಯುತ್ತಿರುವುದು ಅದೇ ಪದ್ಧತಿ. ಅದರ ತಿರುಳು ಒಂದೇ ಮಾತು: ಬಂದ ಪ್ರತಿ ರೂಪಾಯಿಯೂ ಎಲ್ಲಿಂದಲೋ ಬಂದಿರುತ್ತದೆ, ಹೋದ ಪ್ರತಿ ರೂಪಾಯಿಯೂ ಎಲ್ಲಿಗೋ ಹೋಗಿರುತ್ತದೆ, ಎರಡನ್ನೂ ಬರೆ. ಈ ಮಾತನ್ನು ಯಾವ ಭಾಷೆಯಲ್ಲಿಯೂ ಹೇಳಬಹುದು. ತಾಯ್ನುಡಿಯಲ್ಲಿ ಹೇಳಿದರೆ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ.

ಈಗ ನಮ್ಮ ಹೊಲದ ಲೆಕ್ಕವನ್ನೇ ಒಂದು ಉದಾಹರಣೆಯಾಗಿ ನೋಡೋಣ. ಅಂಕಿಗಳನ್ನು ಲೆಕ್ಕದ ಅನುಕೂಲಕ್ಕಾಗಿ ಹಿಡಿದಿದ್ದೇನೆ. ಒಬ್ಬ ರೈತ 50 ಮೂಟೆ ಕೋಸನ್ನು ಮಂಡಿಗೆ ಕಳುಹಿಸುತ್ತಾನೆ. ಮೂಟೆಗೆ 400 ರೂಪಾಯಿಯಂತೆ 20,000 ರೂಪಾಯಿಗೆ ಮಾರಾಟವಾಗುತ್ತದೆ. ಊರಿಗೆ ಬಂದು, ಇಪ್ಪತ್ತು ಸಾವಿರ ಸಿಕ್ಕಿತು ಎನ್ನುತ್ತಾನೆ. ಲಾರಿ ಬಾಡಿಗೆ ಮೂಟೆಗೆ 40ರಂತೆ 2,000. ಹಮಾಲಿ ಮೂಟೆಗೆ 15ರಂತೆ 750. ಖಾಲಿ ಚೀಲಕ್ಕೆ 25ರಂತೆ 1,250. ಶೇಕಡ 10ರ ಕಮಿಷನ್ 2,000. ಇವು ಹೋದರೆ ಕೈಗೆ ಬಂದದ್ದು 14,000. ಸಸಿ, ಗೊಬ್ಬರ, ಔಷಧಿ, ಕೂಲಿಗಳಿಗೆ 9,500 ಖರ್ಚಾಗಿದ್ದರೆ ಉಳಿದದ್ದು 4,500. ಇಲ್ಲಿಗೆ ಲೆಕ್ಕ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ಇಪ್ಪತ್ತಿಪ್ಪತ್ತು ದಿನ ಆ ಹೊಲದಲ್ಲಿ ದುಡಿದಿದ್ದಾರೆ. ಬೇರೆಯವರ ಹೊಲಕ್ಕೆ ಹೋಗಿದ್ದರೆ ದಿನಕ್ಕೆ 300 ರೂಪಾಯಿಯಂತೆ 12,000 ಕೂಲಿ ಬರುತ್ತಿತ್ತು. ಅದನ್ನೂ ಹಿಡಿದರೆ ಲಾಭವಿರಲಿ, 7,500 ರೂಪಾಯಿ ನಷ್ಟ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಆನೆ ಹಂದಿಗಳನ್ನು ಕಾಯ್ದ ಮಗನ ನಿದ್ದೆಯನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮೇಷ್ಟ್ರ ಬಸ್ ಚಾರ್ಜೆಂದರೆ ಇದೇ.

ಈ ಲೆಕ್ಕವನ್ನು ಕಂಡು ಬೇಸಾಯವನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಷ್ಟ ಎಲ್ಲಿ ಆಗುತ್ತಿದೆ ಎಂಬುದನ್ನು ಕಂಡರೆ ಮಾತ್ರ ಅದನ್ನು ತಡೆಯಬಹುದು. ನಾಲ್ವರು ಸೇರಿ ಒಂದೇ ಲಾರಿ ಮಾಡಿದರೆ ಬಾಡಿಗೆ ಇಳಿಯುವುದೇ? ಎಲ್ಲರೂ ಕೋಸು ಹಾಕಿದ ವರ್ಷ ನಾವೂ ಕೋಸನ್ನೇ ಹಾಕಬೇಕೇ? ವ್ಯಾಪಾರವೆಂಬುದು ಇಂತಹ ಪ್ರಶ್ನೆಗಳನ್ನು ಬರವಣಿಗೆಯ ಆಧಾರದ ಮೇಲೆ ಕೇಳುವ ಅಭ್ಯಾಸವೇ ಹೊರತು ಮತ್ತೇನೂ ಅಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ ಹಿಡಿದ ದಾರಿಯೂ ಇದೇ. ಒಬ್ಬೊಬ್ಬರ ಸಾಲ ಒಬ್ಬೊಬ್ಬರನ್ನು ಮುಳುಗಿಸುತ್ತದೆ, ಎಲ್ಲರ ಅಲ್ಪ ಹಣ ಒಂದು ಪುಸ್ತಕದಲ್ಲಿ ಸೇರಿದರೆ ಎಲ್ಲರನ್ನೂ ಎತ್ತುತ್ತದೆ.

ಲೆಕ್ಕ ತಿಳಿದರೂ ಭಾಷೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ನನ್ನ ತಂದೆಯವರು ಕನ್ನಡವನ್ನು ಚೆನ್ನಾಗಿ ಓದಬಲ್ಲವರಾಗಿದ್ದರು. ತಮಿಳನ್ನು ಮಾತನಾಡುತ್ತಿದ್ದರೇ ಹೊರತು ಓದಲು ಬರುತ್ತಿರಲಿಲ್ಲ. ಒಬ್ಬ ವರ್ತಕರು ಬಿತ್ತನೆಯ ಕಾಲಕ್ಕೆ ಮುಂಗಡ ಕೊಟ್ಟು, ಬೆಳೆಯನ್ನು ತಮಗೇ ಕೊಡಬೇಕೆಂದು ಕರಾರು ಮಾಡಿಕೊಂಡಿದ್ದರು. ಮಾರಾಟದ ಪಟ್ಟಿಯು ತಮಿಳಿನಲ್ಲಿ ಬರುತ್ತಿತ್ತು. ತಂದೆಯವರು ಕೊನೆಯ ಸಾಲಿನ ಅಂಕಿಯನ್ನು ಮಾತ್ರ ನೋಡಿ ಹಣವನ್ನು ಎಣಿಸಿಕೊಳ್ಳುತ್ತಿದ್ದರು. ನಾನು ಎಂಟನೆಯ ತರಗತಿಯಲ್ಲಿ ತಮಿಳು ಅಕ್ಷರಗಳನ್ನು ಕಲಿತ ಮೇಲೆ ಒಂದು ದಿನ ಆ ಪಟ್ಟಿಗಳನ್ನೆಲ್ಲ ಕೂಡಿಸಿ ಓದಿದೆ. ಮುಂಗಡದ ಮೇಲಿನ ಬಡ್ಡಿಯನ್ನು ಪ್ರತಿ ಸಲವೂ ಕಳೆದು, ವರ್ಷದ ಕೊನೆಯಲ್ಲಿ ಮತ್ತೊಮ್ಮೆ ಒಟ್ಟಾಗಿ ಕಳೆದಿದ್ದರು. ಪ್ರತಿ ಮೂಟೆಯ ತೂಕದಲ್ಲಿ ಎರಡು ಕಿಲೋ ಬಿಟ್ಟು ಬರೆದಿದ್ದರು. ತಂದೆಯವರು ಜಗಳವಾಡಲಿಲ್ಲ. ಆ ಪಟ್ಟಿಗಳನ್ನು ಮತ್ತು ನನ್ನ ಲೆಕ್ಕದ ಹಾಳೆಯನ್ನು ಎದುರಿಗಿಟ್ಟು, “ಹುಡುಗ ಏನೋ ಕೂಡಿದ್ದಾನೆ, ಸ್ವಲ್ಪ ನೋಡಿ ಸ್ವಾಮಿ” ಎಂದರು. ಬಡ್ಡಿಯ ಹಣ ಹಿಂದಕ್ಕೆ ಬಂದಿತು. ತೂಕದ ಹಣ ಬರಲಿಲ್ಲ. ಆದರೆ ಮುಂದಿನ ವರ್ಷದಿಂದ ತೂಕ ಸರಿಯಾಯಿತು.

ಆದುದರಿಂದ ತಮಿಳನ್ನು ಕಲಿಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. 2006ರಲ್ಲಿ ತಮಿಳುನಾಡು ಸರ್ಕಾರವು ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನವನ್ನು ತಂದಾಗ ಭಾಷಾ ಅಲ್ಪಸಂಖ್ಯಾತರು ತಮ್ಮ ಹಕ್ಕಿಗಾಗಿ ನ್ಯಾಯಾಲಯದ ಮೊರೆ ಹೋದದ್ದು ಸಹಜ. ಹಕ್ಕಿನ ಪ್ರಶ್ನೆಯೇ ಬೇರೆ, ಹೊಟ್ಟೆಯ ಪ್ರಶ್ನೆಯೇ ಬೇರೆ. ಪರೀಕ್ಷೆಯ ಭಾಷೆ ಯಾವುದಿರಬೇಕೆಂಬ ಬಗ್ಗೆ ನಾವು ಹೋರಾಡೋಣ; ಆದರೆ ಪಟ್ಟಿಯನ್ನು, ಪಹಣಿಗೆ ಸಮಾನವಾದ ಪಟ್ಟಾ ಚಿಟ್ಟಾಗಳನ್ನು, ಬಸ್ಸಿನ ಬೋರ್ಡನ್ನು, ಕರಾರು ಪತ್ರವನ್ನು ಓದುವಷ್ಟು ತಮಿಳು ಪ್ರತಿಯೊಬ್ಬ ಮಗುವಿಗೂ ಬರಬೇಕು. ಇಂಗ್ಲಿಷಿನಲ್ಲಿ ಒಂದು ಅರ್ಜಿ, ಒಂದು ರಸೀತಿ, ಒಂದು ಪತ್ರ ಬರೆಯಲು ಬರಬೇಕು. ಇವೆರಡೂ ಗಟ್ಟಿಯಾಗಿ ನಿಲ್ಲಬೇಕಾದರೆ ಕೆಳಗೆ ಕನ್ನಡದ ತಳಪಾಯವಿರಬೇಕು. ಒಂದು ಭಾಷೆಯಲ್ಲಿ ಸರಿಯಾಗಿ ಯೋಚಿಸಲು ಬಾರದವನು ಮೂರು ಭಾಷೆಗಳಲ್ಲಿ ತೊದಲುತ್ತಾನೆ.

ಇದು ಬರಿಯ ಮಾತಲ್ಲ. ನಮ್ಮ ಶಾಲೆಯಲ್ಲಿ ಓದಿದ ಒಬ್ಬ ಹೆಣ್ಣುಮಗಳು ಮೈಸೂರಿನ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಳು. ಅವಳಿಗಿಂತ ಹೆಚ್ಚು ಅಂಕ ಪಡೆದವರು ಅಲ್ಲಿ ಹಲವರಿದ್ದರು. ಸಂದರ್ಶನ ನಡೆಯುತ್ತಿದ್ದಾಗಲೇ ಈರೋಡಿನಿಂದ ಅರಿಸಿನದ ಲೋಡಿನ ಬಗ್ಗೆ ದೂರವಾಣಿ ಕರೆ ಬಂದು, ಆ ಕಡೆಯವರ ತಮಿಳು ಇಲ್ಲಿಯವರಿಗೆ ಅರ್ಥವಾಗದೆ ತೊಡಕಾಯಿತಂತೆ. ಆಕೆ ಕೇಳಿ ಪಡೆದು ಮಾತನಾಡಿ, ಮೂಟೆಯ ಸಂಖ್ಯೆ, ಲಾರಿಯ ನಂಬರು, ತಲಪುವ ಹೊತ್ತು ಇವನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಕೆಲಸ ಅವಳಿಗೇ ಸಿಕ್ಕಿತು. ಗಡಿಯ ಮಗಳಿಗೆ ಗಡಿಯೇ ಬಂಡವಾಳವಾಯಿತು ಎಂದರೆ ತಪ್ಪಾಗಲಾರದು.

ವ್ಯಾಪಾರಕ್ಕೆ ಕಾಲವೂ ಒಂದು ಬಂಡವಾಳ. ಅರಿಸಿನವನ್ನು ಬೇಯಿಸಿ ಒಣಗಿಸಿ ಇಟ್ಟರೆ ಬೆಲೆಗಾಗಿ ಕಾಯಬಹುದು. ಸತ್ಯಮಂಗಲದ ಪೇಟೆಗೆ ಹೋಗುವ ಮಲ್ಲಿಗೆಯ ಮೊಗ್ಗು ಅದೇ ದಿನ ಮಾರಾಟವಾಗಬೇಕು. ಕೋಸಿಗೆ ಇರುವುದು ಕೆಲವೇ ದಿನ. ಕಾಯಬಲ್ಲವನು ಬೆಲೆ ಹೇಳುತ್ತಾನೆ, ಕಾಯಲಾರದವನು ಬೆಲೆ ಕೇಳುತ್ತಾನೆ. 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರದ ನಿರ್ಬಂಧ ಜಾರಿಗೆ ಬಂದಾಗ ನಮ್ಮವರಿಗೆ ಈ ತತ್ತ್ವದ ಬಿಸಿ ತಟ್ಟಿತು. ಸಂಜೆ ಕೊಯ್ದು ರಾತ್ರಿ ಇಳಿಸಿ ಬೆಳಗಿನ ಪೇಟೆ ಹಿಡಿಯುವ ವ್ಯವಸ್ಥೆಯೇ ತಲೆಕೆಳಗಾಯಿತು. 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಕಾಡಿನ ಪ್ರಾಣಿಗಳು ಬದುಕಬೇಕು, ನಾವೂ ಬದುಕಬೇಕು. ಇಂತಹ ಕಾಲದಲ್ಲಿ, ಕೆಡುವ ಪದಾರ್ಥವನ್ನು ಕೆಡದಂತೆ ಮಾಡಿ ಮಾರುವ ದಾರಿಯನ್ನು ಕಲಿಯುವುದು ಜಾಣತನ. ಇದರಲ್ಲಿ ನಮಗಿಂತ ಕಾಡಿನ ಸೋಲಿಗರೇ ಮುಂದಿದ್ದಾರೆ. ನೆಲ್ಲಿಕಾಯಿ ಬೆಲ್ಲದ ಪಾಕದಲ್ಲಿ ಬೆಂದರೆ ವರ್ಷವಿಡೀ ಮಾರುವ ಸರಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು, ಯಾರಿಗೂ ಬೇಡವಾಗಿ ಕಾಡನ್ನೆಲ್ಲ ಆವರಿಸಿದ್ದ ಲಂಟಾನದ ಕಡ್ಡಿಯಿಂದ ಕುರ್ಚಿ ಮೇಜುಗಳನ್ನು ಮಾಡಿ ಮಾರಿದ್ದಾರೆ. ಕಳೆಯನ್ನು ಸರಕು ಮಾಡುವುದಕ್ಕಿಂತ ಮಿಗಿಲಾದ ವ್ಯಾಪಾರದ ಪಾಠ ಯಾವುದಿದೆ?

ಇನ್ನು ಉಳಿತಾಯದ ಮಾತು. ದೊಡ್ಡ ಸಂಬಳ ಬಂದ ಮೇಲೆ ಉಳಿಸೋಣವೆನ್ನುವವರು ಎಂದಿಗೂ ಉಳಿಸುವುದಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಕುಡ್ವ ಅವರು 8,000 ರೂಪಾಯಿಗಳ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯು, 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವ ಯೋಜನೆ ಅದು. ಆ ಎರಡಾಣೆಗಳೇ ಬೆಳೆದು ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಂದು ಹಣವೆಲ್ಲ ಕೈಯಲ್ಲಿನ ಫೋನಿನ ಮೂಲಕವೇ ಬಂದು ಹೋಗುತ್ತದೆ. ಎಣಿಸುವ ಕಷ್ಟವಿಲ್ಲದ ಕಾರಣ ಖರ್ಚಾದದ್ದೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಆ ಪಟ್ಟಿಯನ್ನು ತೆಗೆದು ಒಂದು ನೋಟು ಪುಸ್ತಕದಲ್ಲಿ ಕೈಯಾರೆ ಬರೆಯಿರಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಬರೆಯುವಾಗ ಕೈಗೆ ಆಗುವ ನೋವೇ ಉಳಿತಾಯದ ಮೊದಲ ಮೆಟ್ಟಿಲು.

ಎಲ್ಲರೂ ವ್ಯಾಪಾರಿಗಳಾಗುವುದಿಲ್ಲ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ, ಬೆಂಗಳೂರಿಗೆ ನೌಕರಿಗಾಗಿ ಹೋಗುತ್ತಾರೆ. ಅಂತಹವರು ತಿಳಿಯಬೇಕಾದ ಮೊದಲ ಸಂಗತಿಯೆಂದರೆ ನೌಕರಿಯೂ ಒಂದು ವ್ಯಾಪಾರವೇ. ನೀವು ಮಾರುತ್ತಿರುವುದು ನಿಮ್ಮ ಹೊತ್ತನ್ನು ಮತ್ತು ನೈಪುಣ್ಯವನ್ನು. ಆದುದರಿಂದ ಕರಾರನ್ನು ಓದದೆ ಸಹಿ ಮಾಡಬಾರದು. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಕಡೆಯ ಹಲವು ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ಯೆಂಬ ಚೆಂದದ ಹೆಸರಿನ ಯೋಜನೆಯೊಂದು ನಡೆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಮೂರು ವರ್ಷ ದುಡಿದರೆ ಮದುವೆಗೆಂದು ಕೊನೆಯಲ್ಲಿ ಒಟ್ಟು ಮೊತ್ತ ಕೊಡುತ್ತೇವೆಂದು ಬಡವರ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಆರೋಗ್ಯ ಕೆಟ್ಟು ನಡುವೆಯೇ ಮನೆಗೆ ಬಂದವರಲ್ಲಿ ಅನೇಕರಿಗೆ ಆ ಮೊತ್ತ ಸಿಗಲಿಲ್ಲ. ಅದು ಉಡುಗೊರೆಯಾಗಿರಲಿಲ್ಲ, ತಿಂಗಳು ತಿಂಗಳು ಕೊಡಬೇಕಾಗಿದ್ದ ಅವರದೇ ಕೂಲಿಯನ್ನು ಹಿಡಿದಿಟ್ಟ ಹಣವಾಗಿತ್ತು. ಲೆಕ್ಕ ಬಲ್ಲ ಒಬ್ಬ ಅಕ್ಕ ಆ ಮನೆಯಲ್ಲಿದ್ದಿದ್ದರೆ, ಮೂವತ್ತಾರು ತಿಂಗಳಿಂದ ಭಾಗಿಸಿ ನೋಡು ತಂಗಿ ಎಂದು ಹೇಳುತ್ತಿದ್ದಳು.

ಸಂಬಳದ ಚೀಟಿಯನ್ನು ಓದಲು ಬರಬೇಕು. 1952ರ ಶಾಸನದಿಂದ ಬಂದ ಭವಿಷ್ಯ ನಿಧಿಗೆ ನಿಮ್ಮ ವೇತನದಿಂದ ಸಾಮಾನ್ಯವಾಗಿ ಶೇಕಡ 12 ಕಡಿತವಾಗುತ್ತದೆ; ಮಾಲೀಕರೂ ತಮ್ಮ ಪಾಲು ಕಟ್ಟಬೇಕು. ಕಡಿತವಾದ ಹಣ ನಿಮ್ಮ ಖಾತೆಗೆ ಸೇರಿದೆಯೇ ಎಂದು ನೋಡಿಕೊಳ್ಳುವ ಹೊಣೆ ನಿಮ್ಮದು. ಊರು ಬಿಟ್ಟು ಊರಿಗೆ, ಕೆಲಸ ಬಿಟ್ಟು ಕೆಲಸಕ್ಕೆ ಹೋದರೂ ಆ ಖಾತೆಯ ಸಂಖ್ಯೆ ಒಂದೇ. ಅದನ್ನು ನಿಮ್ಮ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಕಾಯಿಲೆ ಕಸಾಲೆಗೆ ಒದಗುವ ನೌಕರರ ರಾಜ್ಯ ವಿಮೆಯ ಕಾರ್ಡನ್ನು ಸೇರಿದ ತಿಂಗಳಲ್ಲಿಯೇ ಕೇಳಿ ಪಡೆಯಬೇಕು.

ಕೆಲಸ ಕೊಡುವವರು ನಿಮ್ಮಲ್ಲಿ ಏನನ್ನು ನೋಡುತ್ತಾರೆ? ಬ್ಯಾಂಕಿನಲ್ಲಿದ್ದಾಗ ನೂರಾರು ಸಣ್ಣ ಉದ್ಯಮಿಗಳೊಡನೆ ಮಾತನಾಡಿದ ಅನುಭವದಿಂದ ಹೇಳುತ್ತೇನೆ. ಅಂಕಪಟ್ಟಿಯು ಬಾಗಿಲವರೆಗೆ ಕರೆದೊಯ್ಯುತ್ತದೆ, ಅಷ್ಟೇ. ಹೇಳಿದ ಹೊತ್ತಿಗೆ ಬರುವುದು, ಹೇಳಿದ್ದನ್ನು ಕೇಳಿಸಿಕೊಂಡು ಮತ್ತೊಮ್ಮೆ ಹೇಳಿ ಖಚಿತಪಡಿಸಿಕೊಳ್ಳುವುದು, ತಿಳಿಯದಿದ್ದರೆ ತಿಳಿಯದೆಂದು ಹೇಳಿ ಕಲಿಯುವುದು, ಸಾಧ್ಯವಾಗದ್ದಕ್ಕೆ ಒಪ್ಪಿಕೊಳ್ಳದಿರುವುದು, ಹಿರಿಯರ ಎದುರಿಗೆ ಕುಗ್ಗದೆ, ಕಿರಿಯರ ಎದುರಿಗೆ ಬೀಗದೆ ಮಾತನಾಡುವುದು. ಇವೇ ಒಳಗೆ ಉಳಿಸುವ ಗುಣಗಳು. ನಮ್ಮ ಗಾಜನೂರಿನವರೇ ಆದ ಡಾ. ರಾಜ್‌ಕುಮಾರ್ ಅವರ ಶಾಲೆಯ ಓದು ಬಾಲ್ಯದಲ್ಲಿಯೇ ನಿಂತುಹೋಯಿತು. ತಂದೆ ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿ, ಸಣ್ಣ ಪುಟ್ಟ ಪಾತ್ರಗಳಿಂದ ಆರಂಭಿಸಿ, 1954ರಲ್ಲಿ ‘ಬೇಡರ ಕಣ್ಣಪ್ಪ’ದ ನಾಯಕರಾದರು. ಓದು ಬೇಡವೆನ್ನುವುದಕ್ಕೆ ಕೆಲವರು ಈ ಉದಾಹರಣೆಯನ್ನು ಕೊಡುತ್ತಾರೆ. ನಾನು ಅದನ್ನು ಬೇರೆಯಾಗಿ ಕಾಣುತ್ತೇನೆ. ಅವರಿಗೆ ಕಂಪನಿಯೇ ಶಾಲೆಯಾಯಿತು. ಮಾತಿನ ಶುದ್ಧಿ, ಹೊತ್ತಿನ ಶಿಸ್ತು, ಹಿರಿಯರಿಂದ ಕಲಿಯುವ ವಿನಯ ಇವನ್ನೆಲ್ಲ ಅಲ್ಲಿ ದುಡಿದು ಪಡೆದರು. ನಮ್ಮ ಮಕ್ಕಳಿಗೆ ಅಂತಹ ಕಂಪನಿ ಇಲ್ಲ. ಅವರಿಗೆ ಇರುವುದು ಈ ಶಾಲೆ.

ಕೊನೆಯದಾಗಿ, ಆಡಳಿತ ಮಂಡಳಿಯವರಲ್ಲಿಯೂ ಉಪಾಧ್ಯಾಯ ವೃಂದದವರಲ್ಲಿಯೂ ಕೆಲವು ವಿನಂತಿಗಳಿವೆ. ನಿಂತುಹೋಗಿರುವ ವಿದ್ಯಾರ್ಥಿ ಸಹಕಾರ ಭಂಡಾರವನ್ನು ಈ ಸುವರ್ಣ ವರ್ಷದಲ್ಲಿ ಮತ್ತೆ ತೆರೆಯಬೇಕು. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಒಂದು ಗಂಟೆ, ನಿಜವಾದ ಮಂಡಿ ಪಟ್ಟಿ, ಬ್ಯಾಂಕಿನ ಚಲನ್, ಸಂಬಳದ ಚೀಟಿ, ಕೆಲಸದ ಕರಾರು ಇವುಗಳನ್ನು ಕೈಯಲ್ಲಿ ಹಿಡಿಸಿ ಓದಿಸಬೇಕು. ಒಂದೇ ಅರ್ಜಿಯನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಬರೆಯಿಸಬೇಕು. ಪ್ರತಿ ಮಗುವಿನಿಂದಲೂ ತನ್ನ ಮನೆಯ ಒಂದು ಬೆಳೆಯ ಪೂರ್ಣ ಲೆಕ್ಕವನ್ನು, ತಾಯಿಯ ದುಡಿಮೆಯನ್ನೂ ಸೇರಿಸಿ, ಬರೆಯಿಸಬೇಕು. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ನನ್ನಂತಹ ನಿವೃತ್ತರು ಈ ಊರಿನಲ್ಲಿ ನಾಲ್ಕೈದು ಮಂದಿ ಇದ್ದೇವೆ. ಕರೆದರೆ ಶನಿವಾರದ ಬೆಳಗ್ಗೆ ಬಂದು ಕಲಿಸಲು ಸಿದ್ಧರಿದ್ದೇವೆ. 2022ರಲ್ಲಿ ತಾಳವಾಡಿಯಲ್ಲಿಯೇ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು ಆರಂಭವಾಗಿರುವುದರಿಂದ ಮುಂದೆ ಓದುವ ಹೆಣ್ಣುಮಕ್ಕಳಿಗೆ ಘಟ್ಟವಿಳಿಯುವ ಕಷ್ಟವೂ ಕಡಮೆಯಾಗಿದೆ. ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಲೆಕ್ಕ ಬಲ್ಲವರಾಗಿ ಹೋಗಲಿ.

ಹೀಗೆ ನಡೆದರೆ, ಕನ್ನಡ ಓದಿದರೆ ಏನು ಕೆಲಸ ಸಿಕ್ಕೀತು ಎಂದು ಕೇಳುವ ತಾಯಿಗೆ ನಾವು ಭಾಷಣ ಮಾಡಬೇಕಾಗಿಲ್ಲ. ಮಗುವಿನ ಲೆಕ್ಕದ ಪುಸ್ತಕವನ್ನು ಅವಳ ಕೈಗೆ ಕೊಟ್ಟರೆ ಸಾಕು. ಅದರಲ್ಲಿ ಅವಳ ಇಪ್ಪತ್ತು ದಿನದ ಕೂಲಿಯನ್ನು ಮಗು ತನ್ನ ಕೈಯಿಂದಲೇ ಬರೆದಿರುತ್ತದೆ.